ಮೊದಲು ಯಾರನ್ನು ಕಳಿಸುವುದು?

ಈ ಪುಟದಲ್ಲಿ ಬೀಜಗಣಿತ, ಹಳೆಯ ಸಹೋದ್ಯೋಗಿಗಳು, ಹಿತ್ತಿಲ ಸೀಬೆಮರ ಮುಂತಾದವನ್ನು ಓದುತ್ತ ಬಂದವರಿಗೆ ಇಂದಿನ ವಿಷಯ ವಿಚಿತ್ರವೆನಿಸಬಹುದು. ಪೋಕೆಮಾನ್ ಎಂಬ ಜಪಾನೀ ವಿಡಿಯೋ ಆಟದಲ್ಲಿ ಆರು ಪ್ರಾಣಿಗಳ ತಂಡ ಕಟ್ಟಿಕೊಂಡು ಕಾಳಗಕ್ಕಿಳಿಯುವಾಗ ಮೊದಲು ಯಾವುದನ್ನು ಕಳಿಸಬೇಕು, ಮುನ್ನುಗ್ಗಿ ಹೊಡೆಯುವ ಮುಂಚೂಣಿಯ ಪ್ರಾಣಿಯನ್ನು ಆರಿಸುವುದು ಹೇಗೆ ಎಂಬುದೇ ಆ ವಿಷಯ. ನಗುವವರು ನಕ್ಕುಬಿಡಿ, ಕಾಯುತ್ತೇನೆ. ತರಗತಿಯಲ್ಲಿಯೂ ನಗು ಮುಗಿಯುವ ತನಕ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು.

ನನಗೆ ಇಬ್ಬರು ಮೊಮ್ಮಕ್ಕಳು. ಮಗನ ಮಗನಿಗೆ ಹದಿನೈದು, ಮಗಳ ಮಗನಿಗೆ ಹನ್ನೊಂದು. ದೊಡ್ಡವನು ಬೆಂಗಳೂರು ಸೇರುವ ತನಕ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಈಗ ಅವರ ನಡುವೆ ಉಳಿದಿರುವ ನಿಯಮಿತ ನಂಟೆಂದರೆ ಭಾನುವಾರ ಸಂಜೆಯ ಈ ಕಾಳಗವೊಂದೇ. ಶೋಡೌನ್ ಎಂಬ ಉಚಿತ ತಾಣದಲ್ಲಿ ಆಡುತ್ತಾರೆ. ಅಲ್ಲಿ ಹಳೆಯ ಪೀಳಿಗೆಗಳ ನಿಯಮಗಳನ್ನೂ ಆರಿಸಿಕೊಳ್ಳಬಹುದು. ದೊಡ್ಡವನಿಗೆ ನಾಲ್ಕನೆಯ ಪೀಳಿಗೆಯೇ, ಎಂದರೆ 2006ರಲ್ಲಿ ಬಂದ ಡೈಮಂಡ್ ಮತ್ತು ಪರ್ಲ್ ಆಟಗಳಿಂದ ಆರಂಭವಾದುದೇ, ಬಲು ಇಷ್ಟ. ಚಿಕ್ಕವನು ಸತತವಾಗಿ ಏಳು ಭಾನುವಾರ ಸೋತ. ಎಂಟನೆಯ ವಾರ, “ತಾತ, ನಾನಿನ್ನು ಆಡಲ್ಲ, ಅಣ್ಣನಿಗೆ ಬೇರೆ ಯಾರನ್ನಾದರೂ ಹುಡುಕಿಕೊಳ್ಳೋಕೆ ಹೇಳಿ” ಎಂದು ನನ್ನನ್ನೇ ದೂತನಾಗಿ ನೇಮಿಸಿದ. ಆ ಸಂದೇಶವನ್ನು ನಾನು ತಲಪಿಸಲಿಲ್ಲ. ತಲಪಿಸಿದ್ದರೆ ಅಣ್ಣ ತಮ್ಮಂದಿರು ಹಬ್ಬ ಹುಣ್ಣಿಮೆಗೆ ಮುಖ ನೋಡುವ ನೆಂಟರಾಗಿಬಿಡುತ್ತಿದ್ದರು. ಬದಲಿಗೆ, “ಸೋತದ್ದು ಹೇಗೆಂದು ನನಗೆ ಅರ್ಥವಾಗುವಂತೆ ಹೇಳು” ಎಂದು ಕುರ್ಚಿ ಎಳೆದುಕೊಂಡು ಕುಳಿತೆ.

ತಿಳಿಯದವರಿಗಾಗಿ ಆಟದ ಪರಿಚಯವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪೋಕೆಮಾನ್ ಮೊದಲು ಜಪಾನಿನಲ್ಲಿ ಬಿಡುಗಡೆಯಾದದ್ದು 1996ರ ಫೆಬ್ರವರಿ 27ರಂದು. ಟೋಕಿಯೋ ಹೊರವಲಯದ ಮಾಚಿದಾ ಎಂಬಲ್ಲಿ ಬಾಲ್ಯದಲ್ಲಿ ಹುಳುಹುಪ್ಪಟೆ ಹಿಡಿದು ಕೂಡಿಹಾಕುತ್ತಿದ್ದ ಸತೋಶಿ ತಾಜಿರಿ ಎಂಬಾತ ಅದರ ಮೂಲಪುರುಷ. ಕಾಳಗದಲ್ಲಿ ಇಬ್ಬರ ಬಳಿಯೂ ಆರಾರು ಪ್ರಾಣಿಗಳು, ಒಂದೊಂದಕ್ಕೂ ನಾಲ್ಕು ವರಸೆಗಳು. ಪ್ರಾಣಿಗಳಿಗೆ ಬೆಂಕಿ, ನೀರು, ಬಂಡೆ, ಉಕ್ಕು ಎಂದು ಜಾತಿಗಳುಂಟು, ನಾಲ್ಕನೆಯ ಪೀಳಿಗೆಯಲ್ಲಿ ಒಟ್ಟು 17. ನೀರು ಬೆಂಕಿಯನ್ನು, ಬೆಂಕಿ ಉಕ್ಕನ್ನು ಎರಡು ಪಟ್ಟು ನೋಯಿಸುವುದು, ಹೀಗೆ ಒಂದು ದೊಡ್ಡ ಮಗ್ಗಿ. ಇಬ್ಬರ ಕಡೆಯಿಂದಲೂ ಒಂದೊಂದು ಪ್ರಾಣಿ ಮಾತ್ರ ಕಣದಲ್ಲಿರುತ್ತದೆ. ಇಬ್ಬರೂ ಗುಟ್ಟಾಗಿ ಆಜ್ಞೆ ಕೊಡುತ್ತಾರೆ, ವೇಗ ಹೆಚ್ಚಿದ್ದುದು ಮೊದಲು ಹೊಡೆಯುತ್ತದೆ. ಹೊಡೆಯುವ ಬದಲು ಪ್ರಾಣಿಯನ್ನು ಹಿಂದಕ್ಕೆ ಕರೆದು ಇನ್ನೊಂದನ್ನು ಕಳಿಸಲೂಬಹುದು, ಆದರೆ ಒಳಬಂದದ್ದು ಎದುರಾಳಿಯ ಆ ಸರದಿಯ ಪೆಟ್ಟನ್ನು ತಿನ್ನಬೇಕು.

ಈಗ ಮುಖ್ಯ ಸಂಗತಿ. 2010ರಲ್ಲಿ ಬ್ಲ್ಯಾಕ್ ಮತ್ತು ವೈಟ್ ಆಟಗಳು ಬರುವವರೆಗೆ ಎದುರಾಳಿಯ ತಂಡದಲ್ಲಿ ಯಾವ ಯಾವ ಪ್ರಾಣಿಗಳಿವೆ ಎಂದು ಮೊದಲೇ ನೋಡುವ ಸೌಲಭ್ಯ ಇರಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮೊದಲನೆಯದನ್ನು ಕಳಿಸಬೇಕು. ಹೀಗೆ ಮೊದಲು ಇಳಿಯುವುದನ್ನು ಆಟದವರು ಲೀಡ್ ಎನ್ನುತ್ತಾರೆ. ಆ ಕುರುಡು ಆಯ್ಕೆಯೇ ಎಷ್ಟೋ ಪಂದ್ಯಗಳ ದಿಕ್ಕನ್ನು ನಿರ್ಧರಿಸುತ್ತಿತ್ತು. ನನ್ನ ಮೊಮ್ಮಕ್ಕಳು ಆಡುವುದು ಈ ಬಟ್ಟೆ ಕಟ್ಟಿದ ಆಟವನ್ನೇ.

ಚಿಕ್ಕವನು ಏಳು ವಾರವೂ ಮೊದಲು ಕಳಿಸಿದ್ದು ಚಾರಿಜಾರ್ಡ್‌ನನ್ನು. ಬೆಂಕಿಯುಗುಳುವ, ರೆಕ್ಕೆಯುಳ್ಳ, ಬಾಲದ ತುದಿಯಲ್ಲಿ ಜ್ವಾಲೆಯಿರುವ ಪ್ರಾಣಿ. ಅವನ ಮೂರನೆಯ ಹುಟ್ಟುಹಬ್ಬಕ್ಕೆ ಬಂದ ಗೊಂಬೆ ಕೂಡ ಅದೇ. ಮುದ್ದಿನದನ್ನು ಮುಂದೆ ಕಳಿಸಿದ್ದಾನೆ, ಮಗುವಿನ ಬುದ್ಧಿ ಎಂದುಕೊಂಡೆ. ಆದರೆ ಕೇಳಿದಾಗ ಅವನು ಕೊಟ್ಟ ಕಾರಣ ಮಗುವಿನದಾಗಿರಲಿಲ್ಲ. “ತಾತ, ಚಾರಿಜಾರ್ಡ್‌ಗೆ ಸ್ಟೆಲ್ತ್ ರಾಕ್ ಅಂದ್ರೆ ಆಗಲ್ಲ. ಆಮೇಲೆ ಕಳಿಸಿದ್ರೆ ಕಲ್ಲು ತಾಗಿ ಅರ್ಧ ಜೀವ ಹೋಗುತ್ತೆ. ಮೊದಲೇ ಕಳಿಸಿಬಿಟ್ರೆ ಕಲ್ಲೇ ಇರಲ್ಲವಲ್ಲ!”

ಸ್ಟೆಲ್ತ್ ರಾಕ್ ಎಂಬುದು ನಾಲ್ಕನೆಯ ಪೀಳಿಗೆಯಲ್ಲಿಯೇ ಹೊಸದಾಗಿ ಬಂದ ವರಸೆ. ಒಂದು ಸರದಿ ಖರ್ಚು ಮಾಡಿ ಎದುರಾಳಿಯ ಅಂಗಳದಲ್ಲಿ ಚೂಪುಗಲ್ಲುಗಳನ್ನು ತೇಲಿಬಿಡುವುದು. ಆಮೇಲೆ ಆ ಕಡೆ ಒಳಬರುವ ಪ್ರತಿಯೊಂದು ಪ್ರಾಣಿಗೂ ಗಾಯ. ಬಂಡೆಯನ್ನು ಸಾಧಾರಣವಾಗಿ ತಾಳುವ ಪ್ರಾಣಿಗೆ ಜೀವದ 1/8 ಭಾಗ ನಷ್ಟ. ಬಂಡೆಗೆ ಅಂಜುವುದಾದರೆ 1/4, ಎರಡು ಪಟ್ಟು ಅಂಜುವುದಾದರೆ 1/2. ಚೆನ್ನಾಗಿ ತಡೆಯುವುದಾದರೆ 1/16, ಇನ್ನೂ ಚೆನ್ನಾಗಿ ತಡೆಯುವುದಾದರೆ 1/32. ಒಂಬತ್ತನೆಯ ಹತ್ತನೆಯ ತರಗತಿಗಳಿಗೆ ಗುಣೋತ್ತರ ಶ್ರೇಢಿ ಪಾಠ ಮಾಡಿ ದಣಿದವನಿಗೆ, ಇಷ್ಟು ಅಂದವಾದ ಉದಾಹರಣೆ ನಿವೃತ್ತಿಯಾದ ಮೇಲೆ ಸಿಕ್ಕಿತಲ್ಲ ಎಂಬ ಹೊಟ್ಟೆಯುರಿ. ಬೆಂಕಿಗೂ ಬಂಡೆಯೆಂದರೆ ಭಯ, ಹಾರುವ ಜಾತಿಗೂ ಭಯ. ಚಾರಿಜಾರ್ಡ್ ಎರಡೂ ಜಾತಿಯದು. ಅದಕ್ಕೇ ಅರ್ಧ ಜೀವ.

ಹುಡುಗನ ತರ್ಕ ಸರಿಯೇ. ಅದರ ಮುಂದಿನ ಮೆಟ್ಟಿಲಲ್ಲಿ ಕಷ್ಟ. ಮೊದಲು ಇಳಿದ ಚಾರಿಜಾರ್ಡ್ ಎದುರಿಗೆ ಅಣ್ಣನ ಅಜೆಲ್ಫ್ ನಿಂತಿರುತ್ತಿತ್ತು. ಮನಶ್ಶಕ್ತಿ ಜಾತಿಯ ಪುಟ್ಟ ಪ್ರಾಣಿ, ದಾಳಿಯ ಅಂಕ 125, ವೇಗ 115. ಅದರ ಸೊಂಟಕ್ಕೆ ಫೋಕಸ್ ಸ್ಯಾಶ್ ಎಂಬ ಪಟ್ಟಿ. ಜೀವ ಪೂರ್ತಿ ಇರುವಾಗ ಎಷ್ಟೇ ದೊಡ್ಡ ಒಂದು ಪೆಟ್ಟು ಬಿದ್ದರೂ ಒಂದಂಶ ಜೀವ ಉಳಿಸುವುದು ಆ ಪಟ್ಟಿಯ ಗುಣ. ಮೊದಲ ಸರದಿಯಲ್ಲಿ ಅಜೆಲ್ಫ್ ಕಲ್ಲು ಹಾಕುತ್ತಿತ್ತು. ಚಾರಿಜಾರ್ಡ್ ಬೆಂಕಿಯುಗುಳಿದರೂ ಪಟ್ಟಿಯ ದಯೆಯಿಂದ ಉಳಿಯುತ್ತಿತ್ತು. ಎರಡನೆಯ ಸರದಿಯಲ್ಲಿ ಎಕ್ಸ್‌ಪ್ಲೋಷನ್, ಎಂದರೆ ತಾನೇ ಸಿಡಿದು ಎದುರಿನದನ್ನೂ ಕೆಡವುವುದು. ಆ ಪೀಳಿಗೆಯ ನಿಯಮದಂತೆ ಸಿಡಿತದ ಬಲ 250, ಸಾಲದ್ದಕ್ಕೆ ಲೆಕ್ಕ ಹಾಕುವಾಗ ಎದುರಿನದರ ರಕ್ಷಣೆಯನ್ನು ಅರ್ಧಕ್ಕಿಳಿಸುತ್ತಿದ್ದರು. ಸಿಡಿತಕ್ಕೆ ಹೆದರಿ ಚಾರಿಜಾರ್ಡನ್ನು ಹಿಂದಕ್ಕೆ ಕರೆದರೆ, ಮತ್ತೆ ಬರುವಾಗ ಆ ಅರ್ಧ ಜೀವದ ಸುಂಕ. ಒಳಗಿದ್ದರೂ ಕೇಡು, ಹೊರಗೆ ಹೋದರೂ ಕೇಡು. ಎರಡೇ ಸರದಿಯಲ್ಲಿ ಹುಡುಗನ ಪಂದ್ಯ ಮುಗಿದಂತೆಯೇ.

ಈ ಬಗೆಯ ಮುಂಚೂಣಿಗೆ ಆಟದವರು ಇಟ್ಟಿರುವ ಹೆಸರಿನಲ್ಲಿ ಆತ್ಮಹತ್ಯೆ ಎಂಬರ್ಥದ ಇಂಗ್ಲಿಷ್ ಪದ ಸೇರಿದೆ. ಹನ್ನೊಂದರ ಬಾಯಲ್ಲಿ ಅದು ಬಂದಾಗ ನನ್ನ ಶ್ರೀಮತಿ ಅಡುಗೆಮನೆಯಿಂದಲೇ ಗದರಿದಳು. “ಸಾಯೋದಕ್ಕೇ ಅಂತ ಒಂದನ್ನ ಮುಂದೆ ಕಳಿಸ್ತೀರಾ? ಪಾಪ!” ಹುಡುಗ ತಿದ್ದಿದ: “ಸಾಯಲ್ಲ ಅಜ್ಜಿ, ಮೂರ್ಛೆ ಹೋಗುತ್ತೆ ಅಷ್ಟೆ.” ಆಟದ ನಿಯಮದಲ್ಲಿಯೂ ಅದು ಮೂರ್ಛೆಯೇ. ಆದರೂ ಆಕೆಗೆ ಪೂರ್ತಿ ಸಮಾಧಾನವಾದಂತೆ ಕಾಣಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಮುಂಚೂಣಿ. ಖೊ-ಖೊ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಓಡುವ ತಂಡದ ಮೊದಲ ಮೂವರು ಒಂದಲ್ಲ ಒಂದು ಹೊತ್ತಿಗೆ ಔಟಾಗುವವರೇ. ಅವರು ಬೆನ್ನಟ್ಟುವವರ ಉಸಿರನ್ನು ಎಷ್ಟು ಹೀರಿ ಹೋದರು ಎಂಬುದರ ಮೇಲೆ ಮುಂದಿನ ಮೂವರ ಬಾಳುವೆ. ನಮ್ಮ ಶಾಲೆಯ ತಂಡದಲ್ಲಿ ಸದಾ ಮೊದಲ ಮೂವರಲ್ಲಿ ಓಡುತ್ತಿದ್ದಾಕೆ ಇದನ್ನು ಓದುತ್ತಿರಬಹುದು. ಫಲಕದಲ್ಲಿ ಆಕೆಯ ಹೆಸರು ದೊಡ್ಡದಾಗಿ ಬರಲಿಲ್ಲ, ಫಲಕ ಮಾತ್ರ ಬಂತು.

ಆಕ್ರಮಣಕಾರಿ ಆರಂಭಿಕನೆಂದರೆ ನಮ್ಮ ಕಾಲದವರಿಗೆ ಕಣ್ಣ ಮುಂದೆ ಬರುವುದು 1996ರ ವಿಶ್ವಕಪ್ ಕ್ರಿಕೆಟ್. ಪೋಕೆಮಾನ್ ಬಿಡುಗಡೆಯಾದದ್ದು ಆ ವಿಶ್ವಕಪ್ ನಡೆಯುತ್ತಿದ್ದಾಗಲೇ ಎಂಬುದು ನನಗೆ ಈಚೆಗೆ ಹೊಳೆದ ಕಾಕತಾಳೀಯ. ಶ್ರೀಲಂಕಾದ ಜಯಸೂರ್ಯ ಮತ್ತು ಕಲುವಿತರಣ ಮೊದಲ ಓವರಿನಿಂದಲೇ ಬೀಸಲು ಹೊರಟರು. ಮಾರ್ಚ್ 2ರಂದು ದೆಹಲಿಯಲ್ಲಿ ಅವರ ಕೈಯಲ್ಲಿ ನಮ್ಮ ಬೌಲರುಗಳು ಪಟ್ಟ ಪಾಡನ್ನು ಮರೆತವರಿಲ್ಲ. ಆದರೆ ಮಾರ್ಚ್ 13ರಂದು ಕೊಲ್ಕತ್ತದ ಸೆಮಿಫೈನಲ್‌ನಲ್ಲಿ ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಮೊದಲ ಓವರಿನಲ್ಲಿಯೇ ಇಬ್ಬರನ್ನೂ ಕಳಿಸಿದರು. ಪಂದ್ಯ ಮುಗಿಯಿತೆಂದು ನಮ್ಮ ಬೀದಿಯಲ್ಲಿ ಪಟಾಕಿ ಹಚ್ಚಿದವರಿದ್ದರು. ಆಮೇಲೆ ಅರವಿಂದ ಡಿ ಸಿಲ್ವ ಬಂದು 47 ಚೆಂಡುಗಳಲ್ಲಿ 66 ಹೊಡೆದರು. ಲಾಹೋರಿನ ಫೈನಲ್‌ನಲ್ಲಿಯೂ ಆ ಆರಂಭಿಕರಿಬ್ಬರೂ ಎರಡಂಕಿ ಮುಟ್ಟಲಿಲ್ಲ, ಡಿ ಸಿಲ್ವ ಔಟಾಗದೆ 107 ಹೊಡೆದರು, ಕಪ್ಪು ಕೊಲಂಬೊಗೆ ಹೋಯಿತು. ಮೊದಲಿಬ್ಬರು ಬಿದ್ದರೂ ಕುಸಿಯದ ತಂಡ ಹಿಂದೆ ಇದ್ದುದರಿಂದಲೇ ಅವರಿಗೆ ಹಾಗೆ ಬೀಸುವ ಧೈರ್ಯವಿತ್ತು. ಡಿ ಸಿಲ್ವರನ್ನೇ ಆರಂಭಕ್ಕೆ ಕಳಿಸಿ ಬೀಸಲು ಹೇಳಿದ್ದರೆ? ನಮ್ಮ ಹುಡುಗ ಮಾಡುತ್ತಿದ್ದುದು ಅದನ್ನೇ ಎಂದು ನನಗನ್ನಿಸಿತು.

ನಾನು ಅವನಿಗೆ ಉತ್ತರ ಹೇಳಲಿಲ್ಲ, ಹೇಳುವಷ್ಟು ತಿಳಿದಿರಲೂ ಇಲ್ಲ. ಒಂದು ಹಾಳೆ ಕೊಟ್ಟು, ಮೊದಲನೆಯದನ್ನು ಬಿಟ್ಟು ಉಳಿದ ಐದನ್ನು ಬರೆ ಎಂದೆ. ಚಾರಿಜಾರ್ಡ್ ಆ ಐದರಲ್ಲಿರಲಿ. ಒಂದೊಂದರ ಮುಂದೆಯೂ ಅದಕ್ಕೆ ಯಾವುದರ ಭಯ ಎಂದು ಬರೆ. ಬರೆದ. ಚಾರಿಜಾರ್ಡ್ ಮುಂದೆ ‘ಕಲ್ಲು’. ಗಯಾರಡೋಸ್ ಮುಂದೆಯೂ ಕಲ್ಲು, ಅದಕ್ಕೆ ಕಾಲು ಭಾಗ ನಷ್ಟ. ಹಾಗಾದರೆ ಮೊದಲು ಹೋಗುವವನ ಕೆಲಸವೇನು ಎಂದು ಕೇಳಿದೆ. ಪೆನ್ಸಿಲ್ಲಿನ ತುದಿಯನ್ನು ಕಚ್ಚುತ್ತ ಸ್ವಲ್ಪ ಹೊತ್ತು ಕುಳಿತು, “ಅಣ್ಣ ಕಲ್ಲು ಹಾಕದ ಹಾಗೆ ಮಾಡೋದು” ಎಂದ.

ಅದಕ್ಕೆ ಟಾಂಟ್ ಎಂಬ ವರಸೆಯುಂಟು. ಎದುರಿನದನ್ನು ಕೆಣಕಿಬಿಟ್ಟರೆ ಕೆಲವು ಸರದಿಗಳವರೆಗೆ ಅದು ಪೆಟ್ಟು ಕೊಡುವ ವರಸೆಗಳನ್ನಲ್ಲದೆ ಬೇರಾವುದನ್ನೂ ಬಳಸಲಾರದು. ಕಲ್ಲು ಹಾಕುವುದು ನೇರ ಪೆಟ್ಟಲ್ಲವಾದ್ದರಿಂದ ಅದಕ್ಕೂ ತಡೆ. ಆದರೆ ಕೆಣಕುವುದಾದರೆ ಎದುರಿನದಕ್ಕಿಂತ ಮುಂಚೆ ಕೆಣಕಬೇಕು, ಕಲ್ಲು ಬಿದ್ದ ಮೇಲೆ ಕೆಣಕಿ ಫಲವೇನು? ಇಲ್ಲಿಂದ ಮುಂದೆ ನನ್ನ ಸೀಮೆ. ನೂರನೆಯ ಹಂತದ ಪ್ರಾಣಿಯ ಗರಿಷ್ಠ ವೇಗ ಕಂಡುಹಿಡಿಯಲು ಮೂಲವೇಗವನ್ನು 2ರಿಂದ ಗುಣಿಸಿ, ಅದಕ್ಕೆ 31, 63 ಮತ್ತು 5ನ್ನು ಕೂಡಿಸಿ, ಬಂದುದನ್ನು 1.1ರಿಂದ ಗುಣಿಸಿ, ದಶಾಂಶ ಬಿಡಬೇಕು. ಅಣ್ಣನ ಅಜೆಲ್ಫ್‌ನದು 361. ಅನೇಕರು ಮುಂದೆ ಕಳಿಸುವ ಇನ್‌ಫರ್ನೇಪ್ ಎಂಬ ಬೆಂಕಿಯ ಕೋತಿಗೆ ಮೂಲವೇಗ 108, ಎಂದರೆ 346, ಸಾಲದು. ಚಾರಿಜಾರ್ಡ್ 328, ದೂರದ ಮಾತು. ಏರೋಡಾಕ್ಟಿಲ್‌ಗೆ ಮೂಲವೇಗ 130, ಗುಣಿಸಿ ನೋಡಿದರೆ 394. ಹಳೆಯ ಅಂಬರಿನ ತುಂಡಿನಿಂದ ಮತ್ತೆ ಜೀವ ತಳೆದ ಪುರಾತನ ಹಾರುವ ಹಲ್ಲಿ ಅದು, ಬಂಡೆಯ ಜಾತಿಯೂ ಹೌದು.

“ಆದ್ರೆ ತಾತ, ಅದರ ಅಟ್ಯಾಕ್ ಬರೀ 105. ಅಜೆಲ್ಫ್‌ದು 125. ಇದು ಆಕ್ರಮಣಕಾರಿ ಹೇಗಾಗುತ್ತೆ?”

ಒಳ್ಳೆಯ ಪ್ರಶ್ನೆ. ಈ ಆಟದ ಬಗ್ಗೆ ಬರೆಯುವವರಲ್ಲಿಯೂ ಅನೇಕರು ಇಲ್ಲಿ ಅಂಕಗಳನ್ನೇ ನೋಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಮೊದಲ ಸರದಿಯಲ್ಲಿ ಎದುರಾಳಿ ತಾನು ಅಂದುಕೊಂಡದ್ದನ್ನು ಮಾಡಲಾಗದೆ ನಿನ್ನ ಪ್ರಶ್ನೆಗೆ ಉತ್ತರ ಹುಡುಕುವಂತಾದರೆ ಅದು ಆಕ್ರಮಣ, ಪೆಟ್ಟು ಸಣ್ಣದಾದರೂ ಸರಿ. ಬರೀ ದೊಡ್ಡ ಪೆಟ್ಟು ಕೊಟ್ಟು, ಎದುರಾಳಿ ತನ್ನ ಕೆಲಸ ಮುಗಿಸಿಕೊಳ್ಳಲು ಬಿಡುವುದು ಆಕ್ರಮಣವಲ್ಲ, ಗದ್ದಲ. ಚಾರಿಜಾರ್ಡ್ ಏಳು ವಾರ ಮಾಡಿದ್ದು ಅದೇ ಗದ್ದಲ. ಹಾಗೆಯೇ ಮುಂಚೂಣಿಯದು ಮೂರ್ಛೆ ಹೋದರೆ ತಂಡಕ್ಕೆ ತೀರ ದೊಡ್ಡ ನಷ್ಟವೂ ಆಗಬಾರದು. ಅದು ಬಿದ್ದಾಗ ಹೊಸದಾಗಿ ಬರುವ ಪ್ರಾಣಿ ಆ ಸರದಿಯ ಪೆಟ್ಟು ತಿನ್ನದೆ ಕಣಕ್ಕಿಳಿಯುತ್ತದೆ, ಇದೊಂದು ಲಾಭ. ಬದುಕಿರುವುದನ್ನು ಹಿಂದಕ್ಕೆ ಕರೆದಾಗ ಈ ಲಾಭವಿಲ್ಲ.

ಎಂಟನೆಯ ಭಾನುವಾರ ಏರೋಡಾಕ್ಟಿಲ್ ಇಳಿಯಿತು, ಸೊಂಟಕ್ಕೆ ಅದೇ ಪಟ್ಟಿ. ಎದುರಿಗೆ ಎಂದಿನ ಅಜೆಲ್ಫ್. ಮೊದಲ ಸರದಿಯಲ್ಲಿ ಕೆಣಕಿತು. ಅಜೆಲ್ಫ್ ಕಲ್ಲು ಹಾಕಹೋಗಿ ಕೈ ಖಾಲಿ ಮಾಡಿಕೊಂಡು ನಿಂತಿತು. ಎರಡನೆಯ ಸರದಿಯಲ್ಲಿ ನಮ್ಮವನೇ ಅಣ್ಣನ ಅಂಗಳಕ್ಕೆ ಕಲ್ಲು ತೇಲಿಬಿಟ್ಟ. ಅಣ್ಣ ಅಭ್ಯಾಸಬಲದಿಂದ ಸಿಡಿಸಿದ. ಬಂಡೆಯ ಜಾತಿಗೆ ಸಿಡಿತದ ಪೆಟ್ಟು ಅರ್ಧವೇ, ಪಟ್ಟಿ ಬೇರೆ ಇತ್ತು. ಅಜೆಲ್ಫ್ ಹೋಯಿತು, ಏರೋಡಾಕ್ಟಿಲ್ ತೂರಾಡುತ್ತ ನಿಂತೇ ಇತ್ತು. ಮುಂದಿನದನ್ನು ನಾನು ಪೂರ್ತಿ ಹಿಂಬಾಲಿಸಲಾರದೆ ಹೋದೆ, ಕಾಫಿಗೆ ಕರೆ ಬಂದಿತ್ತು. ಮರಳಿ ಬಂದಾಗ ಚಾರಿಜಾರ್ಡ್ ಇನ್ನೂ ಮೈಮೇಲೆ ಒಂದು ಗೆರೆಯ ಗಾಯವಿಲ್ಲದೆ, ಡ್ರ್ಯಾಗನ್ ಡ್ಯಾನ್ಸ್ ಎಂಬ ಕುಣಿತ ಕುಣಿದು ದಾಳಿ ವೇಗ ಎರಡನ್ನೂ ಏರಿಸಿಕೊಂಡು ಕಣದಲ್ಲಿತ್ತು. ಹುಡುಗನ ಕಿವಿ ಕೆಂಪಾಗಿತ್ತು. ಗೆದ್ದಾಗ ಅವನು ಕೂಗಲಿಲ್ಲ. ಪರದೆಯ ಮೇಲಿನ ತನ್ನ ಹೆಸರನ್ನು ಎರಡು ಸಲ ಓದಿ, ಅಜ್ಜಿಯನ್ನು ಕರೆತಂದು ತೋರಿಸಿದ.

ಹತ್ತು ನಿಮಿಷದಲ್ಲಿ ಬೆಂಗಳೂರಿನಿಂದ ನನಗೆ ಫೋನು. “ತಾತ, ನೀವು ಹೇಳಿಕೊಟ್ರಾ?” ನಾನು ಪ್ರಶ್ನೆ ಕೇಳಿದೆ, ಅವನು ಉತ್ತರ ಹುಡುಕಿದ ಎಂದೆ. ಆ ಕಡೆ ಸ್ವಲ್ಪ ಮೌನ. “ಚೆನ್ನಾಗಿ ಆಡಿದ ತಾತ, ಅವನಿಗೆ ಹೇಳಬೇಡಿ” ಎಂದು ಇಟ್ಟುಬಿಟ್ಟ. ಇದನ್ನು ಇಲ್ಲಿ ಬರೆದಿರುವುದರಿಂದ ಹೇಳಿದಂತೆಯೇ ಆಯಿತು. ಆದರೆ ಚಿಕ್ಕವನು ಈ ಪುಟ ಓದುವುದಿಲ್ಲ, ಇದರಲ್ಲಿ ಚಿತ್ರಗಳಿಲ್ಲವಂತೆ.

ಒಂಬತ್ತನೆಯ ವಾರ ಅಣ್ಣ ಮೆಟಾಗ್ರಾಸ್ ತಂದ. ಉಕ್ಕಿನ ಮೈಯ, ನಾಲ್ಕು ಕಾಲಿನ ಯಂತ್ರದಂಥ ಪ್ರಾಣಿ. ಗರಿಷ್ಠ ವೇಗ 262, ನಿಧಾನಿಯೇ. ಆದರೆ ಅದರ ಬುಲೆಟ್ ಪಂಚ್ ಎಂಬ ವರಸೆಗೆ ವೇಗದ ಹಂಗಿಲ್ಲ, ಎದುರಿನದು ಎಷ್ಟೇ ಚುರುಕಾಗಿದ್ದರೂ ಅದರ ಸಾಮಾನ್ಯ ವರಸೆಗಳಿಗಿಂತ ಮೊದಲೇ ಬೀಳುತ್ತದೆ. ಉಕ್ಕು ಬಂಡೆಯನ್ನು ಎರಡು ಪಟ್ಟು ನೋಯಿಸುತ್ತದೆ. ಮೊದಲ ಸರದಿಯಲ್ಲಿ ಮೀಟಿಯರ್ ಮ್ಯಾಶ್ ಎಂಬ ದೊಡ್ಡ ಪೆಟ್ಟಿನಿಂದ ಪಟ್ಟಿಯನ್ನು ಹರಿಯಿತು, ಎರಡನೆಯದರಲ್ಲಿ ಬುಲೆಟ್ ಪಂಚ್. ನಮ್ಮ ಏರೋಡಾಕ್ಟಿಲ್ ಕಲ್ಲು ಹಾಕುವ ಮುಂಚೆಯೇ ಮಲಗಿತು. 394 ಎಂಬ ನಮ್ಮ ಹೆಮ್ಮೆಯ ಸಂಖ್ಯೆ ಏನೂ ಮಾಡಲಿಲ್ಲ.

ಇದಕ್ಕೆ ಪ್ರತಿಯಾಗಿ ಏನು ಮಾಡಬಹುದೆಂದು ಈ ವಾರವೆಲ್ಲ ನನ್ನ ತಲೆಯಲ್ಲಿ ಲೆಕ್ಕ. ಬೆಂಕಿಯ ಕೋತಿ ಇನ್‌ಫರ್ನೇಪ್ ಬಂದರೆ ಮೆಟಾಗ್ರಾಸ್‌ಗೆ ಕಷ್ಟ. ಫೇಕ್ ಔಟ್ ಎಂಬ ಮೊದಲ ಸರದಿಯ ಚಪ್ಪಾಳೆಪೆಟ್ಟಿನಿಂದ ಎದುರಿನ ಪಟ್ಟಿಯನ್ನೂ ಅದು ವ್ಯರ್ಥಗೊಳಿಸಬಲ್ಲುದು. ಆದರೆ ಅಣ್ಣ ಮತ್ತೆ ಅಜೆಲ್ಫ್‌ಗೆ ಮರಳಿದರೆ 361ರ ಮುಂದೆ 346. ಸ್ವಾಂಪರ್ಟ್ ಎಂಬ ನೀರು-ನೆಲದ ಪ್ರಾಣಿ ಇನ್ನೊಂದು ಆಯ್ಕೆ, ನೆಲದ ಪೆಟ್ಟಿಗೆ ಉಕ್ಕು ಅಂಜುತ್ತದೆ. ಆದರೆ ಸ್ವಾಂಪರ್ಟ್‌ನ ಮೂಲವೇಗ 60, ಅದು ಯಾರನ್ನೂ ಮುಂಚೆ ಕೆಣಕಲಾರದು. ಒಂದು ಇನ್ನೊಂದನ್ನು ಸೋಲಿಸುತ್ತದೆ, ಆ ಇನ್ನೊಂದು ಮತ್ತೊಂದನ್ನು. 2010ರ ನಂತರದ ನಿಯಮಗಳಲ್ಲಿ ಎದುರಾಳಿಯ ಆರನ್ನೂ ಮೊದಲೇ ನೋಡಬಹುದಾದ್ದರಿಂದ ಈ ಊಹೆಯ ಭಾರ ಕಡಿಮೆಯಾಗಿದೆ, ಸಿಡಿತದ ಬಲವೂ ಇಳಿದಿದೆ. ದೊಡ್ಡವನು ಹಳೆಯ ನಿಯಮವನ್ನೇ ಏಕೆ ಹಿಡಿದು ಕುಳಿತಿದ್ದಾನೆಂದು ನನಗೆ ಈಗ ತಿಳಿಯಿತು. ಅಲ್ಲಿ ಓದಬೇಕಾದುದು ಪಟ್ಟಿಯನ್ನಲ್ಲ, ತಮ್ಮನನ್ನು.

ನಾಳೆ ಹತ್ತನೆಯ ಭಾನುವಾರ. ಬೆಳಗ್ಗೆ ತಿಂಡಿಯ ಹೊತ್ತಿಗೆ ನನ್ನ ಲೆಕ್ಕದ ಹಾಳೆಯನ್ನು ಚಿಕ್ಕವನ ಮುಂದಿಟ್ಟು, ನಾಳೆ ಮುಂಚೂಣಿಗೆ ಯಾರು ಎಂದು ಕೇಳಿದೆ. ಹಾಳೆಯನ್ನು ಮಡಿಚಿ ಜೇಬಿಗಿಟ್ಟುಕೊಂಡು ಎದ್ದ.

“ನಿಮಗೂ ಹೇಳಲ್ಲ ತಾತ. ನೀವು ಅಣ್ಣನಿಗೂ ತಾತನೇ ತಾನೇ?”